ಕೊಡದ ಮರದ ಮುಂದೆ ಫೆಲಿಸ್ಮಿನಾ

ಕೆಲವರ ಸಿಟ್ಟು ಮೂಗಿನ ತುದಿಯಲ್ಲಿರುತ್ತದೆ. ಫೆಲಿಸ್ಮಿನಾಳದ್ದು ಹೆಗಲ ಮೇಲಿತ್ತು. ಗಂಡಸರು ಕಾರ್ಕ್ ಮರಗಳಿಂದ ಬಿಚ್ಚಿ ನೆಲಕ್ಕೊಗೆದ ತೊಗಟೆಯನ್ನು ಆರು ಬೇಸಿಗೆ ಹೊತ್ತು ಹೊತ್ತು, ಎಡಹೆಗಲು ನೊಗದ ಎತ್ತಿನ ಹೆಗಲಿನ ಹಾಗೆ ಜಡ್ಡುಗಟ್ಟಿತ್ತು. ಮಗಳು ಇರಿಯಾಳನ್ನು ಆ ಕಡೆ ಮಲಗಿಸಿಕೊಂಡರೆ ಮಗುವಿನ ಕೆನ್ನೆ ತರಚಿದಂತೆ ಕೆಂಪಾಗುತ್ತಿತ್ತು. ಹಾಗಾಗಿ ಮಗುವಿಗೆ ಬಲಹೆಗಲು, ಎಸ್ಟೇಟಿಗೆ ಎಡಹೆಗಲು ಎಂದು ಪಾಲು ಮಾಡಿಕೊಂಡಿದ್ದಳು.

ಅವಳಿಗೆ ಬೇಕಾಗಿದ್ದುದು ಕೊಡಲಿ. ಆ ಗುಂಪಿನಲ್ಲಿ ಹೊರುವವಳಾಗಿ ಅಲ್ಲ, ತೊಗಟೆ ಬಿಚ್ಚುವವಳಾಗಿ ನಿಲ್ಲಬೇಕು. ಆಲೆಂತೆಜು ಸೀಮೆಯಲ್ಲಿ ಇದಕ್ಕಿಂತ ಹೆಚ್ಚು ಕೂಲಿ ಬರುವ ಕೂಲಿಕೆಲಸ ಇನ್ನೊಂದಿಲ್ಲ, ಅದೂ ನಿಜ. ಆದರೆ ಬರೀ ದುಡ್ಡೇ ಆಗಿದ್ದರೆ ಲಿಸ್ಬನ್ನಿನ ಯಾವುದಾದರೂ ಹೋಟೆಲಿನಲ್ಲಿ ಹಾಸಿಗೆ ಬದಲಿಸಲು ಹೋಗಬಹುದಿತ್ತು. ಒಮ್ಮೆ ಬಿಚ್ಚಿದ ಮರವನ್ನು ಒಂಬತ್ತು ವರ್ಷ ಯಾರೂ ಮುಟ್ಟುವಂತಿಲ್ಲ, ಅದು ಮತ್ತೆ ತೊಗಟೆ ಕಟ್ಟಿಕೊಳ್ಳಬೇಕು. ತಾನು ಬಿಚ್ಚಿದ ಮರದ ಹತ್ತಿರ ಅಷ್ಟು ವರ್ಷದ ಮೇಲೆ ಇರಿಯಾಳನ್ನು ಕರೆದುಕೊಂಡು ಹೋಗಿ, ನೋಡು, ಇದಕ್ಕೆ ನಾನು ನೋವು ಮಾಡಲಿಲ್ಲ, ಎಷ್ಟು ಚೆನ್ನಾಗಿ ತುಂಬಿಕೊಂಡಿದೆ ಎನ್ನಬೇಕು. ಅವಳ ಗುರಿ ಇಷ್ಟು.

ಗುರಿ ಇಟ್ಟುಕೊಂಡು ಸುಮ್ಮನೆ ಕೂತವಳೂ ಅಲ್ಲ. ಮದುವೆಗೆ ಮುಂಚಿನ ಚಳಿಗಾಲದಲ್ಲೇ ಅಪ್ಪ ಬೆಲ್ಶಿಯೋರನ ಹತ್ತಿರ ಕೊಡಲಿ ಮಸೆಯುವುದನ್ನು ಕಲಿತಳು. ಅದು ಕೈಗೆ ಬಂದ ಮೇಲೆ, ಗಾಳಿಗೆ ಬಿದ್ದ ಕೊಂಬೆಗಳ ಮೇಲೆ ಉದ್ದ ಸೀಳು ಹಾಕುವುದು. ಅದಾದ ಮೇಲೆ ಕೊಡಲಿಯ ಮರದ ಹಿಡಿಯ, ಎಂದರೆ ಕಾವಿನ, ಚೂಪು ತುದಿಯನ್ನು ಸೀಳಿಗೆ ತೂರಿಸಿ ಮೀಟುವುದು. ಕೊನೆಗೆ, ಎಲ್ಲಕ್ಕಿಂತ ಕಷ್ಟದ್ದು, ಕಿವಿಗೊಡುವುದು. ತೊಗಟೆಗೂ ಮರಕ್ಕೂ ನಡುವೆ ತೆಳ್ಳಗೆ ಒಂದು ಪದರ ಇದೆ. ಅದನ್ನು ಇಲ್ಲಿಯವರು ತಾಯಿ ಎನ್ನುತ್ತಾರೆ. ಮರದೊಳಗೆ ರಸ ಓಡುತ್ತಿದ್ದರೆ ಏಟಿಗೆ ಟೊಳ್ಳು ಸದ್ದು ಬರುತ್ತದೆ, ತೊಗಟೆ ತಾಯಿಯನ್ನು ಬಿಟ್ಟು ತಾನಾಗಿ ಎದ್ದು ಬರುತ್ತದೆ. ಒಣಗಾಳಿ ಬೀಸಿದ ದಿನ ಸದ್ದು ಗಿಡ್ಡ. ಆಗ ಬಲವಂತ ಮಾಡಿದರೆ ತಾಯಿಯೂ ಕಿತ್ತು ಬರುತ್ತಾಳೆ, ಆ ಗಾಯದ ಜಾಗದಲ್ಲಿ ಮತ್ತೆ ನೆಟ್ಟಗೆ ತೊಗಟೆ ಕಟ್ಟುವುದಿಲ್ಲ. "ಮರ ಕೊಟ್ರೆ ತಗೋ. ಕೊಡದಿದ್ರೆ ಟೋಪಿ ಎತ್ತಿ ನಮಸ್ಕಾರ ಹೇಳಿ ಬಾ" ಎನ್ನುತ್ತಿದ್ದ ಅಪ್ಪ.

ಕಲಿತದ್ದಾಯಿತು. ಕೈಗೆ ಕೆಲಸ ಕೊಡುವವರು ಬೇಕಲ್ಲ. ಮೇಸ್ತ್ರಿ ಎವರಿಸ್ತುವಿನ ಬಾಯಲ್ಲಿ ವರ್ಷಕ್ಕೊಂದು ನೆಪ. ಮೊದಲು, ಮದುವೆಯಾಗದ ಹುಡುಗಿ, ನಾಳೆ ಯಾವ ಊರು ಸೇರುತ್ತಾಳೋ. ಆಮೇಲೆ ಹೊಸ ಮದುವಣಗಿತ್ತಿ, ಗಂಡ ಏನಂದಾನು. ಆಮೇಲೆ ಬಸುರಿ. ಆಮೇಲೆ ಹಸಿ ಬಾಣಂತಿ. ಆಮೇಲೆ, ಮೊಲೆ ಬಿಡದ ಮಗು ಇದೆ. ಬಸುರಿಯಾಗಿ ಹೊರೆ ಹೊರಬಹುದು, ಬಾಣಂತಿಯಾಗಿ ಹೊರಬಹುದು, ಎದೆ ಬಿಗಿದು ರವಿಕೆ ಒದ್ದೆಯಾಗುತ್ತಿರುವಾಗಲೂ ಹೊರಬಹುದು. ಕೊಡಲಿಗೆ ಮಾತ್ರ ಅವಳ ಮೈ ಅಡ್ಡ ಬರುತ್ತದೆ. ಇದನ್ನು ನೆನೆದಾಗಲೆಲ್ಲ ಅವಳು ಹಲ್ಲು ಕಡಿಯುತ್ತಿದ್ದಳು. ಗಂಡ ಲಾರಿ ಓಡಿಸಿಕೊಂಡು ವಾರಗಟ್ಟಲೆ ಹೊರಗಿರುತ್ತಿದ್ದ. ಅವನ ಅಭ್ಯಂತರ ಏನೂ ಇರಲಿಲ್ಲ. ಅವನನ್ನು ಯಾರೂ ಕೇಳಿಯೂ ಇರಲಿಲ್ಲ.

ಆ ಜೂನ್ ತಿಂಗಳಲ್ಲಿ ಬಿಚ್ಚುವವನೊಬ್ಬ ಬಿದ್ದು ಮಣಿಕಟ್ಟು ಮುರಿದುಕೊಂಡ. ಈ ಕೆಲಸಕ್ಕೆ ಯಾವಾಗಲೂ ಇಬ್ಬರು ಬೇಕು, ಮರದ ಆ ಬದಿಗೊಬ್ಬ, ಈ ಬದಿಗೊಬ್ಬ. ಜೊತೆಗಾರನಿಲ್ಲದ ಮುದುಕ ಝೆಫೆರಿನು ಮರದ ಬುಡದಲ್ಲಿ ಕೂತು ಆಲಿವ್ ತಿಂದು ಬೀಜ ಉಗುಳುತ್ತಿದ್ದ. ಫೆಲಿಸ್ಮಿನಾ ಹೊರೆ ಇಳಿಸಿ ನೇರ ಮೇಸ್ತ್ರಿಯ ಮುಂದೆ ಹೋಗಿ ನಿಂತಳು.

"ಮೇಸ್ತ್ರಿ, ಝೆಫೆರಿನು ಮಾವನ ಜೊತೆ ನಾನು ನಿಲ್ತೀನಿ."

"ಪಕ್ಕದೂರಿಂದ ಒಬ್ಬನಿಗೆ ಹೇಳಿ ಕಳಿಸಿದ್ದೀನಿ. ಬರ್ತಾನೆ."

"ನಿನ್ನೇನೂ ಬರ್ತಾನೆ ಅಂದ್ರಿ. ಫಾತಿಮಾ ಮಾತೆಯ ಯಾತ್ರೆಗೆ ಹರಕೆ ಹೊತ್ತೋರ ಹಾಗೆ ಮಂಡಿ ಮೇಲೆ ಬರ್ತಿದ್ದಾನಾ ಅವನು?"

ಹೊರುವ ಹೆಂಗಸರು ನಕ್ಕರು. ಆ ನಗು ಮೇಸ್ತ್ರಿಗೆ ನಾಟಿತು. ದಿಬ್ಬದ ನೆತ್ತಿಯಲ್ಲಿ ತೆಂಕಣ ಬಿಸಿಗಾಳಿಗೆ ಮೈಯೊಡ್ಡಿ ನಿಂತಿದ್ದ ಒಂದು ಮರದ ಕಡೆ ಅವನು ಗದ್ದ ಎತ್ತಿ ತೋರಿಸಿದ.

"ಆಯ್ತಮ್ಮ. ಅದನ್ನ ಬಿಚ್ಚು. ಬಿಚ್ಚಿದ್ರೆ ನಾಳೆಯಿಂದ ನೀನೂ ಕೊಡಲಿಯೋಳು."

ಬುತ್ತಿಯ ಗಂಟಿನ ಪಕ್ಕ ಸದಾ ಇರುತ್ತಿದ್ದ ಅಪ್ಪನ ಕೊಡಲಿಯನ್ನು ಅವಳು ತಂದಳು. ಎಲ್ಲರೂ ಕೆಲಸ ಬಿಟ್ಟು ನೋಡುತ್ತಿದ್ದರು. ಒಂದು ಏಟು ಹಾಕಿ, ಅಲಗನ್ನು ಚೂರು ತಿರುಗಿಸಿದಳು. ಸದ್ದು ಗಿಡ್ಡ. ತೊಗಟೆ ಹಲ್ಲುಕಚ್ಚಿ ಹಿಡಿದುಕೊಂಡಿತ್ತು.

ಮೇಸ್ತ್ರಿಯ ಮುಖ ನೋಡಿದಳು. ಈ ಗಾಳಿಗೆ ಈ ಮರ ಕೊಡುವುದಿಲ್ಲವೆಂದು ಅವನಿಗೆ ಮೊದಲೇ ಗೊತ್ತಿತ್ತು. ಅವಳ ಕೈ ತುರಿಸುತ್ತಿತ್ತು. ತೋಳಲ್ಲಿ ಬಲವಿತ್ತು, ಮೀಟಿದರೆ ತೊಗಟೆ ಬಂದೇ ಬರುತ್ತಿತ್ತು, ತಾಯಿಯ ಸಮೇತ. ಆರು ವರ್ಷ ಕಾದದ್ದು ಒಂದು ಮೀಟಿನ ದೂರದಲ್ಲಿತ್ತು. ಅವಳು ಕೊಡಲಿ ಕೆಳಗಿಳಿಸಿದಳು.

"ಇದು ಕೊಡ್ತಿಲ್ಲ. ಇವತ್ತು ಬಿಟ್ಟುಬಿಡಬೇಕು."

"ಮರ ಕೊಡ್ತಿಲ್ವೋ, ರಟ್ಟೆ ಕೊಡ್ತಿಲ್ವೋ?" ಎಂದ ಮೇಸ್ತ್ರಿ. ಈ ಸಲ ಗಂಡಸರು ನಕ್ಕರು.

ಬಿಚ್ಚುವವರಲ್ಲೊಬ್ಬನಾದ ಅವಳ ಗಂಡನ ತಮ್ಮ ಜಸಿಂತು ಅಂಗೈಗೆ ಉಗುಳಿಕೊಂಡು ಮುಂದೆ ಬಂದ. "ಸರೀರಿ ಅತ್ತಿಗೆ. ತೊಟ್ಟಿಲು ತೂಗೋ ಕೈಗೆ ಇದೆಲ್ಲ ಯಾಕೆ?"

"ಬೇಡ ಜಸಿಂತು, ಕಿತ್ತು ಬರುತ್ತೆ."

ಅವನು ಕೇಳಲಿಲ್ಲ. ಅವಳು ಹಾಕಿದ್ದ ಸೀಳಿಗೇ ಕಾವು ತೂರಿಸಿ, ಮರಕ್ಕೆ ಕಾಲು ಒತ್ತಿ ಮೀಟಿದ. ಹಸಿ ಚರ್ಮ ಸುಲಿದಂಥ ಸದ್ದಾಯಿತು. ತೊಗಟೆಯ ಬೆನ್ನಿಗೆ ಅಂಟಿಕೊಂಡು ತಾಯಿ ಬಂದಿದ್ದಳು. ಮರದಲ್ಲಿ ರೊಟ್ಟಿ ಒಲೆಯ ಬಾಗಿಲಿನಷ್ಟು ಅಗಲದ ಗಾಯ, ಒದ್ದೆಯಾಗಿ ಹೊಳೆಯುತ್ತಿತ್ತು.

ಮೇಸ್ತ್ರಿ ಒಂದು ಹಿಡಿ ಮಣ್ಣು ತೆಗೆದು ಗಾಯಕ್ಕೆ ಮೆತ್ತಿದ. ಆಮೇಲೆ ಅವಳ ಹತ್ತಿರ ಬಂದು ದನಿ ತಗ್ಗಿಸಿದ. "ನೋಡಮ್ಮ, ಎಸ್ಟೇಟಿನ ಒಡೆಯರು ಈ ಗಾಯ ಯಾರದ್ದು ಅಂತ ಕೇಳ್ತಾರೆ. ಹೆಂಗಸಿಗೆ ಕೊಟ್ಟು ನೋಡಿದೆ, ಕೈ ಜಾರ್ತು ಅಂತೀನಿ. ಜಸಿಂತು ಕೆಲಸ ಹೋದ್ರೆ ಸಂಸಾರ ಬೀದಿಗೆ ಬೀಳುತ್ತೆ. ನಿಂಗೇನು, ಹೊರೋಳು. ಒಂದು ಬೈಗುಳ ತಿಂದ್ರೆ ಮುಗೀತು."

ಅವಳು ಜಸಿಂತುವಿನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿ ಉಗುರಿನಿಂದ ಅಲಗಿನ ಮೇಲಿನ ಕೊಳೆ ಕೆರೆಯುತ್ತಿದ್ದ.

ಸಿಟ್ಟು ಬಂದರೆ ಕಿರುಚುವವಳು ಅವಳು. ಅವತ್ತು ಕೊಡಲಿ ಎತ್ತಿಕೊಂಡು ದಿಬ್ಬ ಇಳಿದಳು. ಕೆಳಗಿನ ತಗ್ಗಿನಲ್ಲಿ ಗಾಳಿ ತಾಗದ, ನೀರಿನ ಹತ್ತಿರದ ಮರವೊಂದಿತ್ತು. ಯಾರ ಅಪ್ಪಣೆಯನ್ನೂ ಕೇಳದೆ ಏಟು ಹಾಕಿದಳು. ಟೊಳ್ಳು ಸದ್ದು, ಖಾಲಿ ಪೀಪಾಯಿ ತಟ್ಟಿದ ಹಾಗೆ.

"ಏಯ್, ಯಾರು ಹೇಳಿದ್ರು ನಿಂಗೆ?" ಮೇಲಿನಿಂದ ಮೇಸ್ತ್ರಿ ಕೂಗಿದ.

"ಯಾರೂ ಹೇಳಲಿಲ್ಲ. ಸಾಯಂಕಾಲ ಒಡೆಯರ ಹತ್ರ ನಾನೂ ಬರ್ತೀನಿ ಮೇಸ್ತ್ರಿ. ಆ ಮರಾನೂ ತೋರಿಸೋಣ, ಈ ಮರಾನೂ ತೋರಿಸೋಣ. ಯಾವುದು ಹೆಂಗಸಿನ ಕೈ ಅಂತ ಅವರೇ ನೋಡ್ಲಿ."

ಮೇಸ್ತ್ರಿ ದಡದಡ ಇಳಿದು ಬರತೊಡಗಿದ. ಅಷ್ಟರಲ್ಲಿ ಝೆಫೆರಿನು ಮಂಡಿ ಹಿಡಿದುಕೊಂಡು ಎದ್ದ. "ಕೂತು ಕೂತು ನನ್ನ ಬೆನ್ನು ಮರಗಟ್ಟಿದೆ ಎವರಿಸ್ತು, ಸ್ವಲ್ಪ ದಾರಿ ಬಿಡು" ಎಂದು ಅವಳ ಮರದ ಇನ್ನೊಂದು ಬದಿಗೆ ಹೋಗಿ ನಿಂತ. ಅವಳಿಗೆ ಒಳ್ಳೆಯ ಮಾತೇನೂ ಹೇಳಲಿಲ್ಲ. "ನಿನ್ನ ಸೀಳು ಚೂರು ವಾರೆ ಇದೆ" ಎಂದ ಅಷ್ಟೆ. ಅದು ನಿಜವೇ ಆಗಿತ್ತು. ಅವಳು ಸರಿಮಾಡಿಕೊಂಡಳು. ಇಬ್ಬರೂ ಒಟ್ಟಿಗೆ ಮೀಟಿದಾಗ ಆಳೆತ್ತರದ ತೊಗಟೆ ಹಲಗೆ ನಿಟ್ಟುಸಿರಿಟ್ಟಂತೆ ಕಳಚಿ ಬಂತು. ಒಳಗೆ ತಾಯಿ ಎಳೆಗೂಸಿನ ಮೈಯಂತೆ ನುಣ್ಣಗೆ, ಗುಲಾಬಿ ಬಣ್ಣದಲ್ಲಿದ್ದಳು. ಒಂದು ತರಚೂ ಇರಲಿಲ್ಲ.

ಸಂಜೆ ಅವಳು ಒಡೆಯರ ಜಗಲಿಗೆ ಹೋಗಿಯೇ ಹೋದಳು. ಅವಳು ಎದುರಿಗಿದ್ದರಿಂದ ಮೇಸ್ತ್ರಿ "ಗಾಳಿ ಇತ್ತು, ಗಾಯ ಆಯ್ತು" ಎಂದು ತೇಲಿಸಿದ. ಅವಳು ಜಾಗ ಬಿಟ್ಟು ಕದಲಲಿಲ್ಲ. ಕೊನೆಗೆ ಜಸಿಂತುವೇ ಟೋಪಿ ಹಿಂಡುತ್ತ "ನನ್ನ ಕೈ ಅದು" ಎಂದ. ಒಡೆಯರು ಗೊಣಗಿದರು, ಇನ್ನೊಂದು ಸಲ ಹೀಗಾದರೆ ನೋಡು ಎಂದರು, ಒಳಗೆ ಹೋದರು. ಕೆಲಸವೂ ಹೋಗಲಿಲ್ಲ, ಸಂಸಾರವೂ ಬೀದಿಗೆ ಬೀಳಲಿಲ್ಲ. ಇಷ್ಟಕ್ಕೆ ತಪ್ಪು ಹೊರಿಸಲು ಅವಳ ಹೆಸರು ಬೇಕಾಗಿತ್ತು ಇವರಿಗೆ. ಮನೆಯವರೆಗೂ ಮೈ ಉರಿಯುತ್ತಲೇ ಇತ್ತು.

ಮರುದಿನ ಬೆಳಿಗ್ಗೆಯೂ ಪಕ್ಕದೂರಿನವನು ಬರಲಿಲ್ಲ. ಮೇಸ್ತ್ರಿ ಬೇರೆಲ್ಲೋ ನೋಡುತ್ತ ಹೇಳಿದ, "ಝೆಫೆರಿನು ಜೊತೆ ನಿಲ್ಲು. ಕೂಲಿ ವಿಷಯ ಆಮೇಲೆ ನೋಡೋಣ."

"ಈಗ್ಲೇ ನೋಡೋಣ."

"ಹೊಸಬಳು ನೀನು."

"ಕೊಡಲಿಯೋರ ಕೂಲಿ ಮೇಸ್ತ್ರಿ. ಇಲ್ಲಾಂದ್ರೆ ಝೆಫೆರಿನು ಮಾವ ಇನ್ನೊಂದು ಬುಟ್ಟಿ ಆಲಿವ್ ತಿನ್ಲಿ."

ಹೊತ್ತೇರುತ್ತಿತ್ತು. ಮೇಸ್ತ್ರಿ ಕೈ ಕೊಡವಿ, ಹಾಗೇ ಆಗಲಿ ಎಂದು ಗೊಣಗಿದ.

ಮಧ್ಯಾಹ್ನದ ಊಟಕ್ಕೆ ಅವಳು ಎಂದಿನಂತೆ ಹೊರುವ ಹೆಂಗಸರ ನಡುವೆಯೇ ಕೂತಳು. ಅವರಲ್ಲೆಲ್ಲ ಹಿರಿಯಳಾದ ಕುಸ್ತೋದಿಯಾ ಬೆಳ್ಳುಳ್ಳಿ ಸಾರಿನಲ್ಲಿ ರೊಟ್ಟಿ ಅದ್ದುತ್ತ ಅವಳ ಮುಖ ನೋಡಿದಳು. "ಬೇಕಾದ್ದು ಸಿಕ್ತಲ್ಲೇ ಹುಡುಗಿ. ಇನ್ನೂ ಯಾಕೆ ಮುಖ ಗಂಟು?"

"ಸಿಕ್ಕಿದ್ದು ಈ ಬೇಸಿಗೆ ಚಿಕ್ಕಮ್ಮ. ಹೋದ ಬೇಸಿಗೆಗಳನ್ನ ಯಾರು ಕೊಡ್ತಾರೆ?"

"ಅದನ್ನ ದೇವರೂ ಕೊಡಲ್ಲ. ಉಣ್ಣು."

ಫೆಲಿಸ್ಮಿನಾ ಎರಡು ತುತ್ತು ಉಂಡಳು. "ನಿನ್ನ ಸೊಸೆ ಬಿಡುವಾಗೇ ಇದ್ದಾಳಲ್ಲ, ನಾಳೆಯಿಂದ ಈ ಹೊತ್ತಿಗೆ ಕಳಿಸು. ಮೊದಲು ಮಸೆಯೋದು ಹೇಳ್ಕೊಡ್ತೀನಿ. ನನಗಾದಷ್ಟು ತಡ ಅವಳಿಗೆ ಆಗಬಾರದು."

"ಅವಳ ಗಂಡನ್ನ ಒಂದು ಮಾತು ಕೇಳ್ಬೇಕಲ್ಲ."

"ನಿನ್ನ ಮಗ ತಾನೇ ಅವನು? ಕೇಳ್ಬೇಡ ಚಿಕ್ಕಮ್ಮ. ಹೇಳು."