ಅಕ್ಕನಿಗೆ ಅಕ್ಷರ ತಪ್ಪಿದ ಮೇಲೆ

ಹೊಸದುರ್ಗದ ಲೈಬ್ರರಿಯಲ್ಲಿ ಕಾದಂಬರಿಗಳು ಕಪಾಟಿನಲ್ಲಿ ಇರುತ್ತಲೇ ಇರಲಿಲ್ಲ. ಒಬ್ಬರು ಒಯ್ದಿರುತ್ತಿದ್ದರು, ಅವರ ಮನೆಯಿಂದ ಇನ್ನೊಬ್ಬರು ಒಯ್ದಿರುತ್ತಿದ್ದರು, ಆಮೇಲೆ ಅದು ಯಾವ ಊರಲ್ಲಿದೆಯೆಂದು ದೇವರಿಗೇ ಗೊತ್ತು. ಯಾವಾಗ ಹೋದರೂ ಸಿಗುತ್ತಿದ್ದವು ಕಾದಂಬರಿಗಳ ಬಗ್ಗೆ ಬರೆದ ಪುಸ್ತಕಗಳು. ಯಾರೋ ತಾವು ಓದಿದ್ದನ್ನು ನೆನೆಸಿಕೊಂಡು ಬರೆದ ಪ್ರಬಂಧಗಳು, ಓದುವ ಹುಚ್ಚು ತಮಗೆ ಹೇಗೆ ಹಿಡಿಯಿತು ಎಂದು ಹೇಳಿಕೊಂಡ ಬರಹಗಳು. ಅವನ್ನು ಯಾರೂ ಮುಟ್ಟುತ್ತಿರಲಿಲ್ಲ. ನನ್ನ ಅಕ್ಕ ಅವನ್ನೇ ತರುತ್ತಿದ್ದಳು.

ಅಕ್ಕ ನನಗಿಂತ ಹತ್ತು ವರ್ಷ ದೊಡ್ಡವಳು. ಆಗ ಅವಳು ಟೀಚರ್ ಟ್ರೈನಿಂಗ್ ಓದುತ್ತಿದ್ದಳು, ನಾನಿನ್ನೂ ಲಂಗ ಹಾಕುವ ಹುಡುಗಿ. ಸಂಜೆ ಅವಳು ಒಲೆಯ ಮುಂದೆ ಕೂತು ಮುದ್ದೆ ತೊಳಸುತ್ತ, ಮಧ್ಯಾಹ್ನ ಓದಿದ ಪ್ರಬಂಧವನ್ನು ನನಗೆ ಹೇಳುತ್ತಿದ್ದಳು. ಪ್ರಬಂಧ ಅಂದರೆ ಅದರೊಳಗೆ ಒಂದು ಕಾದಂಬರಿ, ಆ ಕಾದಂಬರಿಯನ್ನು ಓದಿದ ಒಬ್ಬ ಮನುಷ್ಯ, ಆ ಮನುಷ್ಯ ಅದನ್ನು ಓದಿದ ಮನೆ, ಅವನ ಪಕ್ಕದಲ್ಲಿ ಆರಿಹೋದ ಕಾಫಿ. ಎಲ್ಲವೂ ಒಟ್ಟಿಗೆ ಬರುತ್ತಿದ್ದವು. ಕಾದಂಬರಿ ಸಿಗಲಿಲ್ಲ ಎಂಬ ಕೊರಗು ಸ್ವಲ್ಪ ದಿನದಲ್ಲಿ ನಮಗೆ ಮರೆತೇ ಹೋಯಿತು. ಸಿಗದ ಪುಸ್ತಕವನ್ನು ಇನ್ನೊಬ್ಬರ ಸಂತೋಷದ ಮೂಲಕ ಓದುವುದರಲ್ಲಿ ಬೇರೆಯದೇ ಒಂದು ಸುಖವಿತ್ತು. ಪುಸ್ತಕ ಕೆಟ್ಟದಾಗಿರುವ ಭಯವಿಲ್ಲ, ಮುಗಿದುಹೋಗುವ ಭಯವೂ ಇಲ್ಲ.

ಅಂಥ ಒಂದು ಪ್ರಬಂಧದಲ್ಲಿ ದೋಣಿ ನಡೆಸುವ ಹೆಂಗಸೊಬ್ಬಳ ಕಾದಂಬರಿಯ ಮಾತಿತ್ತು. ಹೊಳೆಗೆ ಸೇತುವೆ ಬಂದು ಅವಳ ಕೆಲಸ ಹೋಗುತ್ತದೆ. ಆದರೂ ಅವಳು ದಿನಾ ಬೆಳಿಗ್ಗೆ ಎದ್ದು ದೋಣಿಯನ್ನು ತೊಳೆಯುತ್ತಾಳೆ. ಪ್ರಬಂಧ ಬರೆದವರು ಆ ತೊಳೆಯುವುದನ್ನೇ ಒಂದೂವರೆ ಪುಟ ಬರೆದಿದ್ದರು. ನಾವಿಬ್ಬರೂ ದೋಣಿ ಹೋಗುವಂಥ ಹೊಳೆ ಕಂಡವರಲ್ಲ. ನಮಗೆ ಗೊತ್ತಿದ್ದ ದೊಡ್ಡ ನೀರೆಂದರೆ ಮಾರಿಕಣಿವೆಯ ಹಿನ್ನೀರು. ಹಾಗಾಗಿ ಆ ದೋಣಿಯನ್ನು ನಾವು ಅಲ್ಲೇ ಬಿಟ್ಟುಕೊಂಡೆವು. ಎಷ್ಟೋ ವರ್ಷ ನಮ್ಮ ಮಾತಿನಲ್ಲಿ ಆ ಹೆಂಗಸು ಬಂದು ಹೋಗುತ್ತಿದ್ದಳು. ಅವಳಿಗೆ ಎಂಥ ಸೀರೆ, ಎಂಥ ಸಿಟ್ಟು, ಸೇತುವೆ ಮೇಲೆ ಹೋಗುವವರು ಕೂಗಿದರೆ ತಲೆ ಎತ್ತಿ ನೋಡುತ್ತಾಳೋ ಇಲ್ಲವೋ. ಅಕ್ಕ ನೋಡಲ್ಲ ಅನ್ನುತ್ತಿದ್ದಳು. ನಾನು ನೋಡ್ತಾಳೆ ಅನ್ನುತ್ತಿದ್ದೆ.

ಅಕ್ಕ ಹೈಸ್ಕೂಲಿನಲ್ಲಿ ಕನ್ನಡ ಟೀಚರ್ ಆದಳು. ಹಿರಿಯೂರಿನ ಹತ್ತಿರದ ಆದಿವಾಲಕ್ಕೆ ಮದುವೆಯಾಗಿ ಹೋದಳು. ಭಾವ ತೋಟ, ಹೊಲ ನೋಡಿಕೊಳ್ಳುವವರು. ಪೇಪರಿನಲ್ಲಿ ಮಳೆ ಸುದ್ದಿ ಬಿಟ್ಟು ಬೇರೇನೂ ಓದದವರು. ಆದರೆ ಅಕ್ಕನ ಪುಸ್ತಕಗಳಿಗೆ ಗೆದ್ದಲು ಹಿಡಿಯಬಾರದೆಂದು ಬೇವಿನ ಹಲಗೆಯ ಕಪಾಟು ಮಾಡಿಸಿಕೊಟ್ಟರು. ಮಕ್ಕಳಾಗಲಿಲ್ಲ. ನಾನು ಹೊಳಲ್ಕೆರೆಯ ಕಚೇರಿಯೊಂದರಲ್ಲಿ ಕೆಲಸಕ್ಕೆ ಸೇರಿ ಅಲ್ಲೇ ಉಳಿದೆ, ಮದುವೆಯ ಗೋಜಿಗೆ ಹೋಗಲಿಲ್ಲ. ಭಾನುವಾರದ ಪುರವಣಿಯಲ್ಲಿ ಪುಸ್ತಕದ ಬಗ್ಗೆ ಒಳ್ಳೆಯ ಬರಹ ಬಂದರೆ ಅಕ್ಕನ ಫೋನು ಬರುತ್ತಿತ್ತು.

"ಓದಿದೆಯೇನೇ?"

"ಇನ್ನೂ ಇಲ್ಲ ಕಣಕ್ಕ, ಈಗ ಎದ್ದೆ."

"ಓದಿ ಫೋನ್ ಮಾಡು. ನಾನು ಕಾಯ್ತಿರ್ತೀನಿ."

ನಮ್ಮಿಬ್ಬರ ನಡುವೆ ಇದ್ದ ಬಂಧ ಇದು. ಬೇರೆ ಅಕ್ಕತಂಗಿಯರು ಒಡವೆ, ಸೀರೆ, ನೆಂಟರ ಮಾತಾಡಿದ ಹಾಗೆ ನಾವು ಯಾರೋ ಕಾಣದವರು ಓದಿದ ಪುಸ್ತಕಗಳ ಮಾತಾಡಿಕೊಂಡು ಬದುಕಿದೆವು.

ಅಕ್ಕ ನಿವೃತ್ತಳಾದ ಮರುವರ್ಷ ಒಂದು ಬೆಳಿಗ್ಗೆ ಅವಳು ಪೇಪರು ಬಿಡಿಸಿ, "ಇದ್ಯಾವ ಭಾಷೆ ಪೇಪರ್ ತಂದೀರಿ?" ಎಂದು ಭಾವನನ್ನು ಕೇಳಿದಳಂತೆ.

"ದಿನಾ ಬರೋದೇ ಕಣೆ. ಕನ್ನಡದ್ದು."

"ಸುಮ್ನಿರಿ. ಹಾಳೆ ಮೇಲೆ ಇರುವೆ ಹರಿದಂಗೆ ಐತೆ."

ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡು ಭಾವ ತೋಟಕ್ಕೆ ಹೋದರು. ತಿರುಗಿ ಬಂದಾಗ ಅವಳು ಕಪಾಟಿನ ಪುಸ್ತಕಗಳನ್ನೆಲ್ಲ ನೆಲಕ್ಕೆ ಹಾಕಿಕೊಂಡು ಒಂದೊಂದನ್ನೇ ಬಿಡಿಸಿ ನೋಡಿ ಎಸೆಯುತ್ತಿದ್ದಳು. ಭಾವ ಕೈಯ ಮಣ್ಣನ್ನೂ ತೊಳೆಯದೆ ಅವಳನ್ನು ಆಸ್ಪತ್ರೆಗೆ ಕರೆದುಕೊಂಡು ಹೊರಟರು.

ಚಿತ್ರದುರ್ಗದ ಆಸ್ಪತ್ರೆಗೆ ನಾನು ಹೋಗುವ ಹೊತ್ತಿಗೆ ಅವಳು ಹಾಸಿಗೆಯ ಮೇಲೆ ಎದ್ದು ಕೂತಿದ್ದಳು. ಕೈಕಾಲು ಸರಿಯಾಗಿಯೇ ಇದ್ದವು, ಮಾತೂ ನೆಟ್ಟಗಿತ್ತು. ಲಕ್ವವಂತೆ ಎಂದು ಭಾವ ಫೋನಿನಲ್ಲಿ ಹೇಳಿದ್ದರು. ಲಕ್ವ ಅಂದರೆ ಬಾಯಿ ಸೊಟ್ಟಗಾಗುವುದು ಎಂದುಕೊಂಡಿದ್ದ ನನಗೆ ಸಮಾಧಾನವೇ ಆಯಿತು. ಡಾಕ್ಟರು ಸಣ್ಣ ವಯಸ್ಸಿನ ಹೆಂಗಸು. ಅವರು ಒಂದು ಹಾಳೆ, ಪೆನ್ನು ಕೊಟ್ಟು, "ಏನಾದ್ರೂ ಬರೀರಿ ಅಮ್ಮ" ಅಂದರು. ಅಕ್ಕ ಸರಸರ ಬರೆದಳು. ಅದೇ ದುಂಡಗಿನ ಅಕ್ಷರ, ಬೋರ್ಡಿನ ಮೇಲೆ ಬರೆದು ಬರೆದು ಪಳಗಿದ್ದು. ನನಗೇನೂ ಆಗಿಲ್ಲ, ಮನೆಗೆ ಕಳಿಸಿ ಎಂದು ಬರೆದಿದ್ದಳು. ಡಾಕ್ಟರು ಆ ಹಾಳೆಯನ್ನು ತಮ್ಮ ಕೈಗೆ ತೆಗೆದುಕೊಂಡು ಸ್ವಲ್ಪ ಹೊತ್ತು ಬೇರೆ ಮಾತಾಡಿಸಿದರು. ಆಮೇಲೆ ಅದನ್ನೇ ತಿರುಗಿ ಕೊಟ್ಟು, "ಓದಿ" ಅಂದರು.

ಅಕ್ಕ ಹಾಳೆಯನ್ನು ಹತ್ತಿರ ಹಿಡಿದಳು, ದೂರ ಹಿಡಿದಳು. ನನ್ನ ಕಡೆ ತಿರುಗಿ, "ಇದನ್ನ ಬರೆದೋರು ಯಾರೇ?" ಎಂದು ಕೇಳಿದಳು.

ನಾನು ಕಿಟಕಿಯ ಕಡೆ ನೋಡಿದೆ. ಹೊರಗೆ ಬಂದ ಮೇಲೆ ಡಾಕ್ಟರು ನಮಗೆ ತಿಳಿಯುವ ಹಾಗೆ ಹೇಳಿದರು. ಕಣ್ಣು ನೋಡುತ್ತದೆ. ಕೈ ಬರೆಯುತ್ತದೆ. ಕಂಡದ್ದು ಅಕ್ಷರ ಎಂದು ಗುರುತಿಸುವ ಜಾಗಕ್ಕೆ ಮಿದುಳಿನಲ್ಲಿ ರಕ್ತ ಹೋಗಿಲ್ಲ. ಸ್ವಲ್ಪ ತಿರುಗಿ ಬರಬಹುದು. ಬಾರದೆಯೂ ಇರಬಹುದು.

ಭಾವ ಸುಮ್ಮನೆ ಕೂರಲಿಲ್ಲ. ಹಿರಿಯೂರಿನ ಅಂಗಡಿಯಿಂದ ಒಂದನೇ ಕ್ಲಾಸಿನ ಅಕ್ಷರಮಾಲೆ ತಂದರು. ಅ ಅಂದರೆ ಅರಸ, ಆ ಅಂದರೆ ಆನೆ, ಬಣ್ಣದ ಚಿತ್ರಗಳಿದ್ದ ಪುಸ್ತಕ. ಸಾವಿರಾರು ಮಕ್ಕಳಿಗೆ ಕನ್ನಡ ಕಲಿಸಿದವಳ ಎದುರಿಗೆ, ಓದಿನ ಗಂಧವಿಲ್ಲದ ಗಂಡ ಕೂತು ಬೆರಳಿಟ್ಟು ತೋರಿಸುತ್ತಿದ್ದರು. ಅಕ್ಕ ಆನೆಯ ಚಿತ್ರ ನೋಡಿ ಆ ಅನ್ನುತ್ತಿದ್ದಳು. ಚಿತ್ರವನ್ನು ಕೈಯಿಂದ ಮುಚ್ಚಿದರೆ ಮುಗಿಯಿತು.

ಒಂದು ದಿನ ಅವಳೇ ಒಂದು ದಾರಿ ಕಂಡುಕೊಂಡಳು. ಅಕ್ಷರವನ್ನು ಬೆರಳಲ್ಲಿ ತಿದ್ದಿದರೆ ಕೈಗೆ ಗೊತ್ತಾಗುತ್ತಿತ್ತು. ಕಣ್ಣಿಗೆ ಮರೆತದ್ದು ಬೆರಳಿಗೆ ಮರೆತಿರಲಿಲ್ಲ. ಮ ತಿದ್ದಿ, ರ ತಿದ್ದಿ, "ಮರ" ಅಂದಳು. ಭಾವ ನನಗೆ ಫೋನು ಮಾಡಿ, "ಓದಿದ್ಲು ನೋಡಮ್ಮ, ಓದಿದ್ಲು" ಎಂದು ಅತ್ತರು. ನಾನು ಮರುದಿನವೇ ರಜೆ ಹಾಕಿ ಹೋದೆ. ಆದರೆ ಒತ್ತಕ್ಷರ ಬಂದರೆ ಬೆರಳು ತಡವರಿಸುತ್ತಿತ್ತು. ಒಂದು ಸಾಲಿನ ಕೊನೆಗೆ ಬರುವಷ್ಟರಲ್ಲಿ ಸಾಲಿನ ಮೊದಲು ಏನಿತ್ತೆಂಬುದು ಮರೆತುಹೋಗುತ್ತಿತ್ತು. ಅವಳ ಹಣೆ ಬೆವತು ಕೈ ಜೋಮು ಹಿಡಿಯುವುದನ್ನು ನೋಡಿ, "ಬಿಡಕ್ಕ, ನಾನು ಓದ್ತೀನಿ, ನೀನು ಕೇಳು" ಅಂದೆ.

ಆಮೇಲೆ ಪ್ರತಿ ಭಾನುವಾರ ಹೊಳಲ್ಕೆರೆಯಿಂದ ಚಿತ್ರದುರ್ಗಕ್ಕೆ, ದುರ್ಗದಿಂದ ಆದಿವಾಲಕ್ಕೆ ಬಸ್ಸಿನಲ್ಲಿ ಹೋಗತೊಡಗಿದೆ. ಅವಳಿಗೆ ಇಷ್ಟವಾದ ಪ್ರಬಂಧಗಳನ್ನೇ ಆರಿಸಿ ಓದಿದೆ. ಮೊದಲ ಸಲ ಅವಳು ಕಣ್ಣು ಮುಚ್ಚಿ ಕೇಳಿದಳು. ಮುಂದಿನ ಸಾಲನ್ನು ಕೆಲವು ಕಡೆ ಅವಳೇ ಹೇಳಿಬಿಡುತ್ತಿದ್ದಳು. ಇಷ್ಟು ಉಳಿದರೆ ಸಾಕು ಎಂದುಕೊಂಡೆ.

ಹೀಗೆ ಕೆಲವು ವಾರ ನಡೆಯಿತು. ಒಂದು ಮಧ್ಯಾಹ್ನ ನಾನು ಓದುತ್ತಿದ್ದ ಬರಹದಲ್ಲಿ ಲೇಖಕರು ಜ್ವರ ಬಂದು ಮಲಗಿದ್ದ ದಿನಗಳಲ್ಲಿ ಒಂದು ಪುಸ್ತಕವನ್ನು ಓದಿದ ಸುಖವನ್ನು ವರ್ಣಿಸಿದ್ದರು. ಪುಟ ತಿರುಗಿಸುವಾಗಿನ ಸದ್ದು, ಮೂಗಿಗೆ ಹತ್ತಿದ ಕಾಗದದ ವಾಸನೆ, ಯಾರೂ ಕರೆಯದಿದ್ದರೆ ಸಾಕು ಎನ್ನುವ ಆಸೆ. ಅಕ್ಕ ಕಣ್ಣು ತೆರೆದಳು.

"ಸಾಕು ನಿಲ್ಸೇ."

"ಯಾಕಕ್ಕ, ಸುಸ್ತಾಯ್ತಾ?"

"ಉಣ್ಣಾಕೆ ಆಗದೋಳ ಮುಂದೆ ಕುಂತು ಊಟದ ರುಚಿ ಹೇಳ್ದಂಗೆ ಆಗ್ತೈತೆ. ಇವರೆಲ್ಲ ಓದಿದ್ದು, ಓದಿದ್ದು, ಓದಿದ್ದು. ನನಗೆ ಹೊಟ್ಟೆ ಉರೀತೈತೆ ಕಣೆ."

ನಾನು ಪುಸ್ತಕ ಮುಚ್ಚಿದೆ. ಜೀವಮಾನವೆಲ್ಲ ನಮ್ಮನ್ನು ಸಾಕಿದ ಬರಹಗಳು ಅವಳಿಗೆ ಹಿಂಸೆಯಾಗುತ್ತಿದ್ದವು ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಅಷ್ಟು ವಾರ ಅವಳು ನನಗೋಸ್ಕರ ತಡೆದುಕೊಂಡಿದ್ದಳು.

ಹಾಗಾದರೆ ಪುಸ್ತಕದ ಬಗ್ಗೆ ಬೇಡ, ಪುಸ್ತಕವನ್ನೇ ಓದಿದರಾಯಿತು ಎಂದುಕೊಂಡೆ. ದೋಣಿಯ ಹೆಂಗಸಿನ ಕಾದಂಬರಿಯನ್ನು ಹುಡುಕಲು ಶುರು ಮಾಡಿದೆ. ಅಚ್ಚು ನಿಂತು ಯಾವುದೋ ಕಾಲವಾಗಿತ್ತು. ಹಳೆಯ ಪುಸ್ತಕ ಮಾರುವವರೊಬ್ಬರ ಹತ್ತಿರ ಕೊನೆಗೂ ಒಂದು ಪ್ರತಿ ಸಿಕ್ಕಿ ಅಂಚೆಯಲ್ಲಿ ಬಂತು. ನಾನು ಅದನ್ನು ಬಿಡಿಸಲೂ ಇಲ್ಲ. ಅಕ್ಕನ ಜೊತೆಗೇ ಮೊದಲ ಸಲ ಓದಬೇಕೆಂದು ಹಾಗೇ ಒಯ್ದೆ.

ಹೆಸರು ಹೇಳಿದಾಗ ಅವಳ ಮುಖ ಅರಳಿತು. ಪುಸ್ತಕವನ್ನು ಕೈಗೆ ತೆಗೆದುಕೊಂಡು ಮೂಸಿದಳು. "ನಿಮ್ಮ ಭಾವನ್ನೂ ಕರಿ, ಕೇಳಲಿ" ಅಂದಳು. ಭಾವ ಬಂದು ಗೋಡೆಗೆ ಒರಗಿ ಕೂತರು. ನಾನು ಓದಿದೆ.

ಕಾದಂಬರಿ ಚೆನ್ನಾಗಿರಲಿಲ್ಲ. ಕೆಟ್ಟದೆಂದು ಹೇಳುವ ಹಾಗೂ ಇರಲಿಲ್ಲ. ಎಲ್ಲರೂ ಒಂದೇ ಥರ ಮಾತಾಡುತ್ತಿದ್ದರು, ಬರೆದವರು ನಡುನಡುವೆ ಬಂದು ಉಪದೇಶ ಹೇಳುತ್ತಿದ್ದರು. ಈಗ ಬರುತ್ತದೆ, ಈಗ ಬರುತ್ತದೆ ಎಂದು ಎರಡು ಭಾನುವಾರ ಓದಿದೆ. ದೋಣಿ ತೊಳೆಯುವುದು ಮೂರನೆಯ ಭಾನುವಾರ ಬಂತು. ಅವಳು ದೋಣಿಯನ್ನು ತೊಳೆದು ಮನೆಗೆ ಹೋದಳು ಎಂಬ ಒಂದೇ ವಾಕ್ಯ. ನಾನು ಆ ವಾಕ್ಯದ ಮೇಲೆ ನಿಂತುಬಿಟ್ಟೆ.

"ಮುಂದೆ ಓದು" ಅಂದಳು ಅಕ್ಕ.

"ಅಷ್ಟೇ ಇರೋದು ಅಕ್ಕ."

"ಸೇತುವೆ ಮೇಲಿಂದ ಯಾರೂ ಕೂಗಲ್ವಾ?"

"ಇಲ್ಲ."

ಅವಳು ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಮುಚ್ಚಿದಳು. ಆಮೇಲೆ, "ಇದು ಆ ಪುಸ್ತಕ ಅಲ್ಲ ಬಿಡು" ಅಂದಳು.

ನಾನು ಹೌದು ಅಂದೆ. ಇದೇ ಆ ಪುಸ್ತಕ ಎಂದು ಇಬ್ಬರಿಗೂ ಗೊತ್ತಿತ್ತು. ಭಾವ, "ಯಾಕೆ, ಕತೆ ಚೆಂದಾಗೈತಲ್ಲ" ಅಂದರು. ಆ ಹೆಂಗಸು ಒಳ್ಳೆಯ ಓದುಗರೊಬ್ಬರ ಒಂದೂವರೆ ಪುಟದಲ್ಲಿ, ಆಮೇಲೆ ನಮ್ಮ ಅಡುಗೆಮನೆಯಲ್ಲಿ ಮಾತ್ರ ಇದ್ದವಳು. ಅವಳನ್ನು ಹುಡುಕಿಕೊಂಡು ಹೋಗಿ ನಾನೇ ಇಲ್ಲವಾಗಿಸಿದ್ದೆ.

ಅಂದು ಊಟವಾದ ಮೇಲೆ ಅಕ್ಕ ನನ್ನ ಕೈ ಹಿಡಿದುಕೊಂಡು, "ಇನ್ನು ಮೇಲೆ ಪುಸ್ತಕ ತರಬೇಡ. ಸುಮ್ನೆ ಬಾ, ಮಾತಾಡಾಣ" ಅಂದಳು.

ನಾನು ಸುಮ್ಮನೆ ಹೋಗತೊಡಗಿದೆ. ನಿಜವಾದ ಕಷ್ಟ ಶುರುವಾಗಿದ್ದು ಆಗ. ನಮಗೆ ಆಡಲು ಬೇರೆ ಮಾತು ಇರಲಿಲ್ಲ. ಅವಳು ನನ್ನ ಬಿ.ಪಿ. ಕೇಳುತ್ತಿದ್ದಳು, ನಾನು ಅವಳ ಮಾತ್ರೆ ಕೇಳುತ್ತಿದ್ದೆ. ಹೊಳಲ್ಕೆರೆಯಲ್ಲಿ ಮಳೆ ಬಂತಾ, ಇಲ್ಲಿ ಬಂತಾ. ಅಲ್ಲಿಗೆ ಮಾತು ನಿಂತು ಫ್ಯಾನಿನ ಸದ್ದು ಕೇಳಿಸುತ್ತಿತ್ತು. ನೆಂಟರ ಸುದ್ದಿ ತೆಗೆದರೆ ಇಬ್ಬರಿಗೂ ಎಷ್ಟೋ ಜನರ ಮಕ್ಕಳ ಹೆಸರೇ ಗೊತ್ತಿರಲಿಲ್ಲ. ಇಷ್ಟು ವರ್ಷ ಒಬ್ಬರಿಗೊಬ್ಬರು ಎಲ್ಲವನ್ನೂ ಹೇಳಿಕೊಂಡಿದ್ದೇವೆ ಎಂದು ತಿಳಿದಿದ್ದೆ. ಮಕ್ಕಳಾಗದಿದ್ದಾಗ ಅವಳು ಏನು ಅನುಭವಿಸಿದಳು ಎಂದು ನಾನು ಕೇಳಿರಲಿಲ್ಲ. ನಾನು ಯಾಕೆ ಒಬ್ಬಳೇ ಉಳಿದೆ ಎಂದು ಅವಳು ಕೇಳಿರಲಿಲ್ಲ. ಈಗ ಕೇಳೋಣವೆಂದರೆ ನಾಲಿಗೆ ಏಳುತ್ತಿರಲಿಲ್ಲ. ಅಂಥ ಮಾತಿಗೆ ಯಾವಾಗಲೂ ಯಾರದೋ ಕಾದಂಬರಿಯ ಯಾರೋ ಹೆಂಗಸು ನಡುವೆ ಇರಬೇಕಿತ್ತು.

ಒಂದು ಭಾನುವಾರ ಹೋದಾಗ ಟೀವಿ ಹಾಕಿದ್ದರು. "ಕುಂತ್ಕ, ಈಗ ಶುರುವಾಗೈತೆ" ಅಂದರು ಭಾವ. ಹಿಂದಿನ ವಾರದ ಧಾರಾವಾಹಿಗಳನ್ನೆಲ್ಲ ಭಾನುವಾರ ಸೇರಿಸಿ ಹಾಕುತ್ತಿದ್ದರು. ಅತ್ತೆ ಯಾರು, ಸೊಸೆ ಯಾರು, ಯಾರಿಗೆ ಯಾರ ಮೇಲೆ ದ್ವೇಷ ಎಂದು ಅಕ್ಕ ನನಗೆ ವಿವರಿಸಿದಳು. ದನಿಯಲ್ಲಿ ಹುರುಪಿರಲಿಲ್ಲ, ಪಾಠ ಮುಗಿಸಬೇಕಾದ ಮೇಷ್ಟರ ದನಿ. ಮೂವರೂ ಸಂಜೆಯವರೆಗೆ ಅದನ್ನೇ ನೋಡಿದೆವು. ಈಗಲೂ ಹಾಗೇ ನೋಡುತ್ತೇವೆ.

ನನ್ನ ಕಣ್ಣಿಗೆ, ಮಿದುಳಿಗೆ ಏನೂ ಆಗಿಲ್ಲ. ಪುರವಣಿ ಈಗಲೂ ಬರುತ್ತದೆ. ಪುಸ್ತಕದ ಬಗ್ಗೆ ಚೆನ್ನಾಗಿ ಬರೆಯುವವರು ಈಗಲೂ ಇದ್ದಾರೆ. ಎರಡು ಪ್ಯಾರಾ ಓದುತ್ತಲೇ ನನ್ನ ಗಮನ ಫೋನಿನ ಕಡೆ ಹೋಗುತ್ತದೆ. ಓದಿ ಮುಗಿಸಿದರೂ ಹೇಳಲು ಯಾರಿದ್ದಾರೆ ಎನ್ನಿಸಿದ ಕೂಡಲೇ ಅಕ್ಷರಗಳು ಕಾಣುತ್ತವೆ, ಅರ್ಥ ಹತ್ತುವುದಿಲ್ಲ. ಓದು ಒಬ್ಬಂಟಿಯ ಸುಖ ಎಂದು ಅವರೆಲ್ಲ ಬರೆಯುತ್ತಾರೆ. ನನ್ನ ಪಾಲಿಗೆ ಅದು ಎಂದೂ ಹಾಗಿರಲಿಲ್ಲವೆಂದು ತಿಳಿಯುವ ಹೊತ್ತಿಗೆ ತಡವಾಗಿತ್ತು.

ಕಳೆದ ವಾರ ಅಕ್ಕ ನನ್ನನ್ನು ಕಳಿಸಲು ಬಸ್ ಸ್ಟಾಪಿನವರೆಗೆ ಬಂದಳು. ಬಿಸಿಲು ಇಳಿದಿತ್ತು. ದೂರದಲ್ಲಿ ಒಂದು ಬಸ್ಸು ಕಂಡಿತು. ಅವಳು ಹಣೆಗೆ ಕೈ ಅಡ್ಡ ಹಿಡಿದು ಅದರ ಬೋರ್ಡನ್ನೇ ನೋಡುತ್ತ ನಿಂತಳು. ಬೆರಳು ಸೀರೆಯ ಸೆರಗಿನ ಮೇಲೆ ಏನನ್ನೋ ತಿದ್ದುತ್ತಿತ್ತು. ಬಸ್ಸು ಬಂದು ನಿಲ್ಲುವವರೆಗೂ ತಿದ್ದುತ್ತಲೇ ಇದ್ದಳು. ಆಮೇಲೆ ಕೈ ಇಳಿಬಿಟ್ಟಳು.

"ಯಾವೂರ್ದೇ ಅದು?"

"ದುರ್ಗದ್ದು ಅಕ್ಕ."

"ಹಂಗಾರೆ ಹತ್ತು" ಅಂದಳು.