ಹುಳುಮನೆಯ ಹುಡುಗಿಗೆ ಮಾತ್ರೆ ನಿಂತ ದಿನ

ನಮ್ಮ ಹುಡುಗಿಯ ಕಾಯಿಲೆ ಹೋಯಿತು. ಇವತ್ತು ಬೆಳಿಗ್ಗೆ ಕೋಲಾರದ ದೊಡ್ಡಾಸ್ಪತ್ರೆಯಲ್ಲಿ ಡಾಕ್ಟರು ಕಾಗದ ನೋಡಿ, ಕಫದಲ್ಲಿ ಏನೂ ಇಲ್ಲ, ಇನ್ನು ಮಾತ್ರೆ ಬೇಡ ಎಂದರು. ನಾನು ಇನ್ನೊಂದು ಸಲ ಹೇಳಿಸಿಕೊಂಡೆ. ಮೂರನೇ ಸಲ ಕೇಳಿದಾಗ ಅವರು ನಕ್ಕು, "ಅಜ್ಜಿ, ಬರ್ದು ಕೊಡ್ಲಾ?" ಎಂದರು. ಬರೆದು ಕೊಡಿ ಸ್ವಾಮಿ ಎಂದೆ. ಆ ಚೀಟಿ ಈಗ ನನ್ನ ಎಲೆ ಅಡಿಕೆ ಚೀಲದಲ್ಲಿದೆ. ಮಾಲೂರಿಗೆ ಬರುವ ಬಸ್ಸಿನಲ್ಲಿ ಕಂಡಕ್ಟರಿಗೆ ಹೇಳಿದೆ, ಪಕ್ಕದ ಸೀಟಿನ ಹೆಂಗಸಿಗೆ ಹೇಳಿದೆ, ಇಳಿದ ಮೇಲೆ ಹೂ ಮಾರುವವಳಿಗೂ ಹೇಳಿದೆ. "ಮಗಳಾ ಅಮ್ಮ?" ಎಂದು ಅವಳು ಕೇಳಿದ್ದಕ್ಕೆ ಹೌದು ಎಂದುಬಿಟ್ಟೆ. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳು ನಾನು, ಬರೆಯಲು ಕೂತರೆ ಬೆರಳು ನೋಯುತ್ತವೆ. ಆದರೂ ಇವತ್ತು ಬರೆಯದೆ ಇರಲಾರೆ.

ಅವಳು ನನ್ನ ಮಗಳಲ್ಲ. ಒಡಿಶಾದಿಂದ ಗಂಡನ ಜೊತೆ ನಮ್ಮೂರ ಪಕ್ಕದ ಇಟ್ಟಿಗೆ ಗೂಡಿಗೆ ಕೆಲಸಕ್ಕೆ ಬಂದವಳು. ನಾನು ಗೂಡಿಗೆ ಹೋಗಿ ಸೊಪ್ಪು ಮಾರುತ್ತಿದ್ದೆ. ಅವಳ ಗಂಡ ಹಿಂದೆ ಆಂಧ್ರದಲ್ಲಿ ದುಡಿದವನು, ತೆಲುಗು ಬರುತ್ತಿತ್ತು. ನಮ್ಮ ಕಡೆಯವರಿಗೆ ತೆಲುಗು ಮನೆಮಾತಿನ ಹಾಗೇ, ಹಾಗಾಗಿ ಮಾತು ಬೆಳೆಯಿತು. ಅಜ್ಜಿ ಎನ್ನುವುದಕ್ಕೆ ತೆಲುಗಿನಲ್ಲಿ ಹೇಳುವಂತೆ ಅವನು ನನ್ನನ್ನು ಅವ್ವ ಎಂದ. ಅವನು ಕರೆದದ್ದನ್ನೇ ಹೆಂಡತಿ ಕರೆದಳು, ಅವರ ಮೂರು ವರ್ಷದ ಮಗಳೂ ಕರೆದಳು. ಬರುಬರುತ್ತಾ ಮೂವರೂ ನಮ್ಮ ಕನ್ನಡ ಕಲಿತರು.

ಗೂಡಿನಲ್ಲಿ ಇಟ್ಟಿಗೆ ಒಬ್ಬರಿಂದ ಆಗುವ ಕೆಲಸವಲ್ಲ. ಒಬ್ಬರು ಮಣ್ಣು ತುಳಿದು ಉಂಡೆ ಮಾಡಿ ಕೊಡಬೇಕು, ಇನ್ನೊಬ್ಬರು ಅಚ್ಚಿಗೆ ಹಾಕಬೇಕು. ಗಂಡ ಹೆಂಡತಿ ಸೇರಿದರೆ ಒಂದು ಜೋಡಿ, ಕೂಲಿಯೂ ಜೋಡಿಗೇ. ಎರಡನೇ ವರ್ಷ ಅವನ ಹೆಂಡತಿ, ಈ ನಮ್ಮ ಹುಡುಗಿ, ಕೆಮ್ಮಲು ಶುರು ಮಾಡಿದಳು. ಧೂಳು ಎಂದುಕೊಂಡೆವು. ಒಂದು ದಿನ ಅವಳು ತುಳಿಯುತ್ತಿದ್ದ ಮಣ್ಣಿನ ಮೇಲೆ ರಕ್ತ ಬಿತ್ತು. ಜೊತೆಯವರು ಕಂಡು ದೂರ ಸರಿದರು. ಮಾರನೆಯ ದಿನ ಮೂವರೂ ಒಂದು ಗಂಟು, ಒಂದು ಪಾತ್ರೆ ಹಿಡಿದುಕೊಂಡು ನಮ್ಮ ಬೇಲಿಯ ಹತ್ತಿರ ನಿಂತಿದ್ದರು.

"ಮೇಸ್ತ್ರಿ ಗುಡಿಸಲು ಬಿಡು ಅಂದ ಅವ್ವ," ಎಂದ ಅವನು. "ಜೋಡಿ ಇಲ್ದೋನು ನಂಗ್ಯಾಕೆ ಅಂದ."

ನಾವು ರೇಷ್ಮೆ ಹುಳು ಸಾಕುವುದು ಬಿಟ್ಟು ಮೂರು ವರ್ಷವಾಗಿತ್ತು. ಹುಳುಮನೆ ಖಾಲಿ ಬಿದ್ದಿತ್ತು. ಉದ್ದನೆಯ ಕೋಣೆ, ಎರಡೂ ಕಡೆ ಜಾಲರಿ ಕಿಟಕಿ, ಗಾಳಿ ಚೆನ್ನಾಗಿ ಆಡುತ್ತದೆ. ಅಲ್ಲಿಗೇ ಕರೆದುಕೊಂಡು ಹೋದೆ. ವೇಮಗಲ್ಲಿನ ಫ್ಯಾಕ್ಟರಿಯಿಂದ ಮಗ ಬಂದ ಮೇಲೆ ಹೇಳಿದೆ. ಅವನು ಹುಳುಮನೆಗೆ ಹೋಗಿ ಬಲ್ಬು ಹಾಕಿಕೊಟ್ಟ. ಸೊಸೆ ಮಾತ್ರ, "ಅತ್ತೆ, ಕೇಳ್ಬೇಕಿತ್ತು ನೀವು," ಎಂದು ಒಳಗೆ ಹೋದಳು. ಪಕ್ಕದ ತೋಟದಾಕೆ ಬೇಲಿಯ ಮೇಲಿಂದಲೇ ಚುಚ್ಚಿದಳು: "ಏನಕ್ಕ, ರೋಗದ ಹುಳ ಒಂದು ಕಂಡ್ರೆ ಆರ್ಸಿ ಸುಣ್ಣಕ್ಕೆ ಹಾಕ್ತಿದ್ದೋಳು, ಈಗ ಅದೇ ಮನೇಗೆ ರೋಗ ಕರ್ಕೊಂಡು ಬಂದಿದ್ಯಲ್ಲ."

ಆಶಾ ಕಾರ್ಯಕರ್ತೆ ಕಫ ತೆಗೆದುಕೊಂಡು ಹೋದಳು. ಟಿಬಿ ಎಂದು ಬಂತು. ಮಾತ್ರೆ ಸರ್ಕಾರದ್ದೇ, ಆರು ತಿಂಗಳು ಒಂದು ದಿನವೂ ತಪ್ಪಬಾರದು. ಹುಡುಗಿ ಅವತ್ತೇ ತನ್ನ ತಟ್ಟೆ, ಲೋಟ ಬೇರೆ ಇಟ್ಟುಕೊಂಡಳು. ಮಗುವನ್ನು ಎತ್ತಿ ನನ್ನ ಕೈಗೆ ಕೊಟ್ಟು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಒಳಗೆ ಹೋದಳು. ಅವತ್ತಿನಿಂದ ಮಗು ಮಲಗಿದ್ದು ನನ್ನ ಪಕ್ಕ. ನನ್ನ ಮಗನಿಗೆ ಮಕ್ಕಳಾಗಿಲ್ಲ. ಹುಟ್ಟಿ ಬಂದ ಮೊಮ್ಮಗಳಲ್ಲ ಇವಳು, ನನ್ನ ಪಕ್ಕದಲ್ಲಿ ಮಲಗಿ ಮಲಗಿಯೇ ಮೊಮ್ಮಗಳಾದವಳು. ಊಟದ ಹೊತ್ತಿಗೆ ಹುಳುಮನೆಯ ಜಾಲರಿಗೆ ಮೂಗು ಒತ್ತಿ ನಿಲ್ಲುತ್ತಿದ್ದಳು. ಒಳಗೆ ತಾಯಿ ಈ ಕಡೆಗೆ ಬೆನ್ನು ಮಾಡಿ ಉಣ್ಣುತ್ತಿದ್ದಳು. ಉಣ್ಣುವುದು ಕಂಡರೆ ತನಗೂ ತುತ್ತು ಬೇಕೆಂದು ಮಗು ಹಟ ಮಾಡುತ್ತದಲ್ಲ, ಅದಕ್ಕೆ.

ಅವಳ ಗಂಡ ಲಾರಿಗೆ ಇಟ್ಟಿಗೆ ತುಂಬುವ ಕೆಲಸ ಹಿಡಿದ. ಲಾರಿ ಬಂದ ದಿನ ಕೂಲಿ, ಬಾರದ ದಿನ ಇಲ್ಲ. ಅವರ ರೇಷನ್ ಕಾರ್ಡು ಅವರ ಊರಿನಲ್ಲಿತ್ತು. ರಾಗಿ ನಮ್ಮಲ್ಲಿತ್ತು, ಹಿಟ್ಟು ಕೊಟ್ಟೆ. ಅವರಿಗೆ ಮುದ್ದೆ ನುಂಗಲು ಬರದು, ಅಗಿಯುತ್ತಿದ್ದರು. ಹಾಗೆ ಅಗಿದೇ ಹಸಿವು ಕಳೆದರು. ಆ ಚಳಿಗಾಲದಲ್ಲೇ ಅವನ ತಾಯಿ ಊರಿನಲ್ಲಿ ತೀರಿಕೊಂಡಳು. ಹೋಗುವುದಕ್ಕೆ ಆಗಲಿಲ್ಲ. ಬೋರ್‌ವೆಲ್ ನೀರಿನಲ್ಲಿ ತಲೆಗೆ ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲೇ ಲಾರಿಗೆ ಹೋದ.

ಇನ್ನು ನನ್ನ ತಪ್ಪನ್ನು ಬರೆಯಬೇಕು. ಬರೆಯಲು ಕೂತದ್ದೇ ಅದಕ್ಕೆ.

ಮಾತ್ರೆ ಶುರುವಾಗಿ ಎರಡು ತಿಂಗಳಾಗಿತ್ತು. ಹುಡುಗಿಗೆ ಕೆಮ್ಮು ನಿಂತಿತ್ತು, ಕೆನ್ನೆ ತುಂಬಿಕೊಂಡಿತ್ತು. ಬಿಸಿಲು ಏರಿತ್ತು. ಒಂದು ದಿನ ಅವಳು ನಾಚಿಕೊಂಡು, ಮಾತ್ರೆ ಶುರುವಾದಾಗಿನಿಂದ ಉಚ್ಚೆ ಕೆಂಪಗೆ ಹೋಗುತ್ತದೆ, ಈಗ ಹೊಟ್ಟೆಯೂ ಉರಿಯುತ್ತದೆ ಎಂದಳು. ಹೋಗಿ ನೋಡಿದೆ. ಕುಂಕುಮದ ನೀರಿನ ಹಾಗಿತ್ತು. ನಮ್ಮಲ್ಲಿ ಯಾರನ್ನು ಕೇಳಿದರೂ ಒಂದೇ ಹೇಳುತ್ತಾರೆ, ಉಷ್ಣ. ನಾನೂ ಹೇಳಿದೆ. "ಮಾತ್ರೆ ಕಾವು ಕಣೇ. ನಿಂಗೆ ಮೈ ಕಾದೋಗೈತೆ. ನಾಲ್ಕು ದಿನ ಬಿಡು, ಅಂಬಲಿ ಕುಡಿ, ತಂಪಾಗ್ತೀಯ."

ರಾಗಿ ಅಂಬಲಿಗೆ ಮಜ್ಜಿಗೆ ಹಾಕಿ ನಾನೇ ಕುಡಿಸಿದೆ, ರಾತ್ರಿ ನೆನೆಸಿದ ಮೆಂತ್ಯ ತಿನ್ನಿಸಿದೆ. ನಾಲ್ಕೇ ದಿನಕ್ಕೆ ಬಣ್ಣ ಸರಿಹೋಯಿತು, ಉರಿ ಹೋಯಿತು. ನೋಡಿದೆಯಾ ಎಂದೆ. ಆಶಾ ವಾರಕ್ಕೊಮ್ಮೆ ಬಂದು ಖಾಲಿ ಮಾತ್ರೆ ಹಾಳೆ ನೋಡುತ್ತಿದ್ದಳು. ಅವಳು ಬೈಯಬಾರದೆಂದು ದಿನದ ಮಾತ್ರೆ ಬಿಡಿಸಿ ತಿಪ್ಪೆಗೆ ಹಾಕು ಎಂದು ಹೇಳಿಕೊಟ್ಟವಳೂ ನಾನೇ. ಹುಡುಗಿಯ ಗಂಡನಿಗೆ ತಿಳಿಸಲಿಲ್ಲ. ನಾಲ್ಕು ದಿನ ಎಂದದ್ದು ಒಂದೂವರೆ ತಿಂಗಳಾಯಿತು. ಚೆನ್ನಾಗಿದ್ದಾಳಲ್ಲ, ಮತ್ತೆ ಯಾಕೆ ಕಾವು ಹೊಟ್ಟೆಗೆ ಹಾಕುವುದು ಎಂದುಕೊಂಡೆ.

ಆಮೇಲೆ ಜ್ವರ ಬಂತು. ಸೊಪ್ಪಿನ ಮಡಿಗೆ ನೀರು ಕಟ್ಟುತ್ತಿದ್ದವಳು ಅಲ್ಲೇ ಕುಕ್ಕರಿಸಿದಳು. ಬಾಯಿಂದ ಬಂದ ರಕ್ತ ನೀರಿನ ಜೊತೆ ದಂಟಿನ ಬುಡಕ್ಕೆ ಹರಿಯಿತು. ನನ್ನ ಮಗನೇ ಆಟೋ ತಂದ. ಕೋಲಾರಕ್ಕೆ ಹೋದೆವು. ಎತ್ತಿಕೊಂಡಾಗ ಅವಳ ತೂಕ ಒಂದು ಹೊರೆ ಸೊಪ್ಪಿನಷ್ಟೂ ಇರಲಿಲ್ಲ.

ಡಾಕ್ಟರು ಕೇಳಿದರು, "ಮಾತ್ರೆ ಯಾಕಮ್ಮ ನಿಲ್ಲಿಸ್ದೆ? ಯಾರು ಹೇಳಿದ್ದು?"

ಹುಡುಗಿ ನನ್ನ ಕಡೆ ನೋಡಲಿಲ್ಲ. ಗೋಡೆ ನೋಡುತ್ತಾ, "ಯಾರೂ ಇಲ್ಲ, ನಾನೇ," ಎಂದಳು. ಅವಳ ಗಂಡ ಹಣೆ ಚಚ್ಚಿಕೊಂಡು, ಮಗು ಇರೋಳು ನೀನು ಎಂದು ಎಲ್ಲರೆದುರು ಅವಳನ್ನು ಬೈದ. ಅವಳು ಬೈಸಿಕೊಂಡಳು. ನಾನು ಬಾಗಿಲಲ್ಲಿ ನಿಂತಿದ್ದೆ. ನಿಜ ಹೇಳುತ್ತೇನೆ, ಸುಮ್ಮನೆ ಇದ್ದುಬಿಡೋಣ ಎಂದು ಒಂದು ಗಳಿಗೆ ಅನ್ನಿಸಿತು.

"ನಾನು ಹೇಳಿದ್ದು ಸ್ವಾಮಿ," ಎಂದೆ. "ಕೆಂಪಗೆ ಹೋಗ್ತಿತ್ತು. ಉಷ್ಣ ಅಂದ್ಕೊಂಡೆ."

"ಅದು ಮಾತ್ರೆ ಬಣ್ಣ ಅಜ್ಜಿ," ಎಂದರು ಅವರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿರುತ್ತಿತ್ತು. "ಕೆಂಪಗೆ ಹೋದ್ರೆ ಮಾತ್ರೆ ಒಳಗೆ ಹೋಗ್ತಿದೆ ಅಂತ ಅರ್ಥ."

ಮತ್ತೆ ಮೊದಲಿನಿಂದ ಶುರು ಮಾಡಬೇಕು, ಈ ಸಲ ಇನ್ನೂ ಹೆಚ್ಚು ತಿಂಗಳು, ಹೇಗಾಗುತ್ತದೋ ನೋಡೋಣ ಎಂದರು. ನೋಡೋಣ ಎಂಬ ಮಾತು ನನ್ನ ಕಿವಿಯಲ್ಲಿ ಕೂತುಬಿಟ್ಟಿತು. ಮಗುವಿಗೂ ಮುಂಜಾಗ್ರತೆಗೆ ಮಾತ್ರೆ ಕೊಟ್ಟರು.

ಅವಳ ಗಂಡ ಮೂರು ದಿನ ನನ್ನನ್ನು ಅವ್ವ ಎಂದು ಕರೆಯಲಿಲ್ಲ. ಕೊಟ್ಟ ಹಿಟ್ಟು ಮುಟ್ಟಲಿಲ್ಲ. ಬೇರೆ ಕಡೆ ಹೋಗುತ್ತಾರೆ, ಮಗುವನ್ನೂ ಕರೆದೊಯ್ಯುತ್ತಾರೆ ಎಂದು ನಾನು ಕಾದೆ. ನಾಲ್ಕನೇ ದಿನ ಅವನೇ ಮಾತ್ರೆ ಡಬ್ಬಿ ತಂದು ನನ್ನ ಮುಂದೆ ಇಟ್ಟ.

"ಬಿಡು ಅಂದೋಳು ನೀನು," ಎಂದ. "ಈಗ ನೀನೇ ಕೊಡು ಅವ್ವ. ನಿನ್ ಕೈಯಾರೆ."

ಅವತ್ತಿನಿಂದ ನಾನೇ ಕೊಟ್ಟೆ. ಬೆಳಿಗ್ಗೆ ಅವಳ ಎದುರು ಕೂತು ನುಂಗುವ ತನಕ ಏಳುತ್ತಿರಲಿಲ್ಲ, ನಾಲಿಗೆ ಎತ್ತಿಸಿ ನೋಡುತ್ತಿದ್ದೆ. ಆಮೇಲೆ ಕೇಳುತ್ತಿದ್ದೆ, "ಬಣ್ಣ ಬಂತೇನೇ?" ಮೊದಮೊದಲು ಮಾತಾಡಲು ಅವಳಿಗೆ ಉಸಿರಿರಲಿಲ್ಲ, ತಲೆ ಆಡಿಸುತ್ತಿದ್ದಳು. ವಾಂತಿ ಮಾಡಿದಳು, ಕೈಕಾಲು ಜೋಮು ಹಿಡಿದವು, ಕೂದಲು ಬಾಚಣಿಗೆಗೆ ಬಂತು. ಒಂದು ತಿಂಗಳು ಎದ್ದು ಕೂರಲೂ ಇಲ್ಲ. ಸಾಯುತ್ತಾಳೆ ಎಂದೇ ತಿಳಿದಿದ್ದೆ. ಸತ್ತರೆ ಈ ಮಗು ದೊಡ್ಡವಳಾಗಿ ಕೇಳಿದಾಗ ಏನು ಹೇಳಲಿ ಎಂದು ದಿನವೂ ಲೆಕ್ಕ ಹಾಕುತ್ತಿದ್ದೆ. ಸೊಸೆ ದಿನಕ್ಕೊಂದು ಮೊಟ್ಟೆ ಬೇಯಿಸಿ ಹುಳುಮನೆಯ ಹೊಸ್ತಿಲಲ್ಲಿ ಇಡತೊಡಗಿದಳು. ಒಳಗೆ ಮಾತ್ರ ಕಾಲಿಡಲಿಲ್ಲ.

ಮಳೆಗಾಲ ಹಿಡಿದ ಮೇಲೆ ಒಂದು ಬೆಳಿಗ್ಗೆ, ನಾನು ಕೇಳುವ ಮೊದಲೇ ಅವಳು ಹಿತ್ತಲಿಂದ ಕೂಗಿದಳು: "ಅವ್ವ, ಕುಂಕುಮ ಬಂತು. ನೋಡ್ತೀಯಾ?"

"ನೀನೇ ಇಟ್ಕೋ ಹೋಗೇ," ಎಂದೆ. ಬೇಲಿಯ ಆಚೆಯಿಂದ ಪಕ್ಕದ ತೋಟದಾಕೆಯ ನಗು ಕೇಳಿಸಿತು.

ಇಷ್ಟು ದಿನವಾದ ಮೇಲೆ ಜೊತೆಗೆ ಕೂತು ಉಣ್ಣಬಹುದು, ಏನೂ ಆಗುವುದಿಲ್ಲ ಎಂದು ಆಶಾ ಎಷ್ಟೋ ಸಲ ಹೇಳಿದಳು. ಹುಡುಗಿ ಒಪ್ಪಲಿಲ್ಲ. ಒಂದು ಸಲ ಕಾಯಿಲೆ ಹೋಯಿತು ಎಂದುಕೊಂಡು ಮೋಸವಾಗಿತ್ತಲ್ಲ. ಡಾಕ್ಟರ ಬಾಯಿಂದ ಬರಲಿ ಎಂದು ಕಾದಳು.

ಇವತ್ತು ಬಂತು. ಎಲ್ಲ ಮೊದಲಿನ ಹಾಗಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ಒಂದು ಪಕ್ಕದ ಶ್ವಾಸಕೋಶ ಬತ್ತಿಹೋಗಿದೆ, ಅದು ಬರುವುದಿಲ್ಲ ಎಂದರು. ಮಣ್ಣು ತುಳಿಯುವಂತಿಲ್ಲ, ಭಾರ ಎತ್ತುವಂತಿಲ್ಲ. ಬಸ್ ಸ್ಟಾಂಡಿನ ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತಳು. ಅದು ನನ್ನ ಒಂದೂವರೆ ತಿಂಗಳು. ನಾನು ಎಷ್ಟು ಜನಕ್ಕೆ ಸಂತೋಷ ಹೇಳಿಕೊಂಡು ಬಂದರೂ ಅದು ಅವಳ ಎದೆಯೊಳಗೆ ಇದ್ದೇ ಇರುತ್ತದೆ.

ಮನೆಗೆ ಬಂದವಳೇ, "ಇವತ್ತು ನಾನು ಮಾಡ್ತೀನಿ ಅವ್ವ," ಎಂದು ನಮ್ಮ ಅಡುಗೆಮನೆಗೆ ಬಂದಳು. ಸೊಸೆ ಒಲೆ ಬಿಟ್ಟುಕೊಟ್ಟು ಪಕ್ಕದಲ್ಲಿ ಬದನೆಕಾಯಿ ಹೆಚ್ಚಲು ಕೂತಳು. ಅನ್ನ, ಅವರ ಕಡೆಯ ತರಕಾರಿ ಹಾಕಿದ ಬೇಳೆ, ಸಾಸಿವೆ ಅರೆದು ಹಾಕಿದ ಬದನೆಕಾಯಿ. ನಡುಮನೆಯಲ್ಲಿ ಚಾಪೆ ಹಾಸಿ ನನ್ನ ಮಗ, ಸೊಸೆ, ಅವಳ ಗಂಡ, ನಾನು, ಮಗು ಕೂತೆವು. ಹುಡುಗಿ ಬಡಿಸಿ ತನ್ನ ಬೇರೆ ತಟ್ಟೆ ತರಲು ಹುಳುಮನೆ ಕಡೆ ಹೊರಟಳು.

"ಎಲ್ಲಿಗೆ ಹೋಗ್ತೀಯೇ? ಕೂತ್ಕೋ," ಎಂದು ಸೊಸೆ ನಮ್ಮ ಮನೆಯ ತಟ್ಟೆಯೊಂದನ್ನು ಅವಳ ಮುಂದಿಟ್ಟು ಅನ್ನ ಹಾಕಿದಳು. "ಬೇಳೆಗೆ ಉಪ್ಪೇ ಇಲ್ಲ. ನೀನೂ ತಿಂದ್ರೆ ಗೊತ್ತಾಗುತ್ತೆ."

ಮಗು ನನ್ನ ತೊಡೆಯಿಂದ ಎದ್ದು ತಾಯಿಯ ಮುಂದೆ ಕೂತಿತು. ಹುಡುಗಿ ತುತ್ತು ಕಲಸಿ ಕೈಯಲ್ಲಿ ಹಿಡಿದು ಒಂದು ಸಲ ನನ್ನ ಮುಖ ನೋಡಿದಳು. ಚೀಟಿ ಇರುವ ಚೀಲವನ್ನು ತಟ್ಟಿ ತೋರಿಸಿದೆ. ಮಗು ಆಗಲೇ ಬಾಯಿ ತೆರೆದಿತ್ತು. ಅವಳು ತಿನ್ನಿಸಿದಳು, ಇನ್ನೊಂದು ತುತ್ತು ತಾನು ತಿಂದಳು. ಆಮೇಲೆ ಉಪ್ಪಿನ ಡಬ್ಬಿ ಕೈಯಿಂದ ಕೈಗೆ ಹೋಯಿತು. ಎಲ್ಲರೂ ಉಂಡೆವು.