ಅಂಗಿಯ ಮೇಲಿನ ಒಂಟಿ ಕಣಜ

ಓಣಿಯವರ ಬಟ್ಟೆ ಹೊಲಿದುಕೊಡುತ್ತಿದ್ದ ಅವಳನ್ನು ಎಲ್ಲರೂ ಹೊಲಿಗೆಯಕ್ಕ ಎನ್ನುತ್ತಿದ್ದರು. ಬಾಯಿ ಬಲು ಜೋರು. ಉಸಿರು ಬಿಗಿಹಿಡಿದು ಅಳತೆಗೆ ನಿಂತವರಿಗೆ, “ಗಂಡನಿಗೆ ಬೇಕಾದ್ರೆ ಸುಳ್ಳು ಹೇಳಿ, ಟೇಪಿಗೆ ಹೇಳ್ಬೇಡಿ” ಎಂದು ನಗಿಸುತ್ತಿದ್ದಳು.

ಅವಳ ಗಂಡ ಕಟ್ಟಡಗಳಿಗೆ ಬಣ್ಣ ಹೊಡೆಯುವವನು. ಒಂದು ಬೆಳಿಗ್ಗೆ ಮೇಲಂತಸ್ತಿನ ಕಿಟಕಿಯ ಸಜ್ಜೆಯ ಕೆಳಗೆ ಬ್ರಷ್ಷು ಆಡಿಸುವಾಗ ಕಣಜದ ಗೂಡಿಗೆ ತಗುಲಿತು. ಹುಳುಗಳು ಮುತ್ತಿಕೊಂಡವು. ಕೆಳಗಿಳಿಸುವಷ್ಟರಲ್ಲಿ ಮುಖ ಊದಿ, ಉಸಿರು ಕಟ್ಟಿತ್ತು. ಆಸ್ಪತ್ರೆ ಮುಟ್ಟುವವರೆಗೂ ಜೀವ ನಿಲ್ಲಲಿಲ್ಲ.

ಅವಳು ಅಳಲಿಲ್ಲ. ಸಮಾಧಾನ ಹೇಳಲು ಬಂದವರೇ ಅತ್ತು ಹೋದರು. ಗುಂಯ್ ಎಂದ ಹುಳುವನ್ನೆಲ್ಲ ಚಪ್ಪಲಿಯಿಂದ ಹೊಸಕುವುದು ಮಾತ್ರ ಅಭ್ಯಾಸವಾಯಿತು.

ಒಂದು ಮಧ್ಯಾಹ್ನ ಗೂಟಕ್ಕೆ ನೇತುಹಾಕಿದ್ದ ಗಂಡನ ಕೆಲಸದ ಅಂಗಿಯ ಮಡಿಕೆಯಲ್ಲಿ ಹಸಿಮಣ್ಣು ಮೆತ್ತಿಕೊಂಡಿತ್ತು. ಮೇಲೊಂದು ಕಣಜ. ಅವಳು ಚಪ್ಪಲಿ ಎತ್ತಿದಳು. ಅಣ್ಣನ ಜೊತೆಗೇ ಬಣ್ಣದ ಕೆಲಸಕ್ಕೆ ಹೋಗುತ್ತಿದ್ದ ಮೈದುನ, ಆಗತಾನೇ ಬಂದವನು, ಅಡ್ಡ ನಿಂತ.

“ಅತ್ತಿಗೆ, ಇದು ಅದಲ್ಲ.”

“ನನಗೆ ಎಲ್ಲಾ ಒಂದೇ.”

“ಸೊಂಟ ನೋಡಿ, ದಾರದ ಎಳೆ ಥರ ಇದೆ. ಮೈ ಕಪ್ಪು, ಕಾಲು ಹಳದಿ. ಇದಕ್ಕೆ ಬಳಗ ಇಲ್ಲ. ತಾನೊಂದೇ ಮಣ್ಣು ಹೊತ್ತು ಗೂಡು ಕಟ್ಟುತ್ತೆ, ಮರಿಗೆ ಅಂತ ಜೇಡ ಹಿಡಿದು ತುಂಬುತ್ತೆ, ಮೊಟ್ಟೆ ಇಟ್ಟು ಬಾಯಿ ಮುಚ್ಚಿ ಹೋಗುತ್ತೆ. ತಾನಾಗಿ ಮೇಲೆ ಬೀಳಲ್ಲ. ಅವತ್ತಿಂದು ಕಾಗದದಂಥ ಗೂಡು. ಅಲ್ಲಿ ಹಿಂಡೇ ಇತ್ತು.”

ಅವತ್ತಿನ ಮಾತು ಅವರಿಬ್ಬರ ನಡುವೆ ಬಂದದ್ದು ಅದೇ ಮೊದಲು. ಅವಳ ಕೈ ಕೆಳಗಿಳಿಯಿತು.

“ಅವರು ಏನಾದ್ರೂ ಅಂದ್ರಾ?”

ಮೈದುನ ನೆಲ ನೋಡಿದ. “‘ಮೇಲೆ ಬರಬೇಡ ಕಣೋ’ ಅಂದ. ಆಮೇಲೆ ಮಾತೇ ಹೊರಡಲಿಲ್ಲ.”

ಅವಳು ಹೊಲಿಗೆ ಯಂತ್ರಕ್ಕೆ ತಲೆಯಾನಿಸಿ ಬಿಕ್ಕಿ ಬಿಕ್ಕಿ ಅತ್ತಳು. ಅವನು ಒಂದು ಲೋಟ ನೀರು ತಂದಿಟ್ಟು, ಬಾಗಿಲ ಬಳಿ ಕುಳಿತ.

ಕಣಜ ಗೂಡು ಮುಚ್ಚಿ ಹೋಯಿತು. ಕೆಲವು ವಾರಗಳ ನಂತರ ಮರಿಗಳು ಮಣ್ಣು ಕೊರೆದು ಹಾರಿಹೋದವು. ಆಮೇಲೆ ಅವಳು ಅಂಗಿ ಇಳಿಸಿ, ಗೂಡು ಕೆರೆದು, ಒಗೆದು ಹಾಕಿದಳು. ಬಣ್ಣದ ಕಲೆ ಹೋಗಲಿಲ್ಲ. ಗಂಡನ ಬೆವರಿನ ವಾಸನೆ ಹೋಯಿತು. ಒಣಗಿದ ಅಂಗಿಯನ್ನು ಮುಖಕ್ಕೊತ್ತಿಕೊಂಡು, ಯಾಕಾದರೂ ಒಗೆದೆನೋ ಎಂದು ಬಹಳ ದಿನ ಮರುಗಿದಳು.